ಊಟಕ್ಕೆ ಕರೆದು ಕೇಳಿದ ಒಂದೇ ಪ್ರಶ್ನೆ

ಅಡಿಕೆ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾಗಿದೆ. ಹಾಗಾಗಿ ಇವತ್ತಿನ ಟಿಪ್ಪಣಿ ತುಸು ಉದ್ದ. ಸಮಾಧಾನದಲ್ಲಿ ಓದಿ.

ನಮ್ಮ ಭಾಗದ ಸಮುದಾಯ ಬಾನುಲಿಗೆ ಕಳೆದ ವಾರ ಹತ್ತು ವರ್ಷ ತುಂಬಿತು. ಇಂಥ ಕೇಂದ್ರ ಹತ್ತು ವರ್ಷ ನಡೆಯೋದು ಸಣ್ಣ ಮಾತಲ್ಲ. ಪ್ರಸಾರ ಹತ್ತು-ಹದಿನೈದು ಕಿಲೋಮೀಟರ್ ದಾಟುವುದು ಕಷ್ಟ. ಜಾಹೀರಾತಿಗೆ ಗಂಟೆಗೆ ಇಂತಿಷ್ಟೇ ನಿಮಿಷ ಅಂತ ಮಿತಿ. ಕಾರ್ಯಕ್ರಮಗಳಲ್ಲಿ ಕನಿಷ್ಠ ಅರ್ಧದಷ್ಟು ಸ್ಥಳೀಯರೇ ಸೇರಿ ಮಾಡಿದ್ದಿರಬೇಕು ಎಂಬ ನಿಯಮ ಬೇರೆ. ಅಂದ್ರೆ ಅಲ್ಲಿ ಹೋಗಿ ಮಾತಾಡುವ ನಮ್ಮಂಥವರೇ ಅವರ ಬಂಡವಾಳ.

ವಾರ್ಷಿಕೋತ್ಸವ ಅಂದ್ರೆ ಸಾಮಾನ್ಯವಾಗಿ ಶಾಮಿಯಾನ, ದೀಪ ಬೆಳಗುವುದು, ಶಾಲು, ಹಣ್ಣಿನ ಬುಟ್ಟಿ, ಎರಡು ಗಂಟೆ ಭಾಷಣ. ಇವರು ಅದ್ಯಾವುದನ್ನೂ ಮಾಡಲಿಲ್ಲ. ಹತ್ತು ವರ್ಷದಲ್ಲಿ ಕೃಷಿ ಕಾರ್ಯಕ್ರಮಕ್ಕೆ ಬಂದು ಹೋದವರ ಪಟ್ಟಿ ತೆಗೆದು, ಒಬ್ಬೊಬ್ಬರಿಗೂ ಫೋನ್ ಮಾಡಿ, ಮನೆಯವರ ಸಮೇತ ರಾತ್ರಿ ಊಟಕ್ಕೆ ಕರೆದರು. ನಾನೂ ಒಮ್ಮೆ ಬೋರ್ಡೋ ದ್ರಾವಣ ಹದವಾಗಿ ಕೂಡಿಸುವುದು ಹೇಗೆ ಅಂತ ಮಾತಾಡಿದ್ದೆ. ಹಾಗಾಗಿ ನಮಗೂ ಕರೆ ಬಂತು.

ಪರಿಚಯದ ಕೃಷಿಕರೊಬ್ಬರ ಅಡಿಕೆ ಅಂಗಳದಲ್ಲೇ ಪಂಕ್ತಿ. ಬಾಳೆಲೆ, ತಂಬುಳಿ, ಅಪ್ಪೆಹುಳಿ, ಹಲಸಿನ ಗುಜ್ಜೆ ಪಲ್ಯ, ಪಾಯಸ. ಊಟ ಮುಗಿದು ಕವಳದ ತಟ್ಟೆ ಸುತ್ತು ಬರುವಾಗ ಕೇಂದ್ರದ ಹುಡುಗಿ ಮೈಕ್ ಹಿಡಿದು ಬಂದಳು. ಎಲ್ಲರಿಗೂ ಒಂದೇ ಪ್ರಶ್ನೆ: "ಅವತ್ತು ನೀವು ಹೇಳಿದ್ದು ಈಗ ಏನಾಗಿದೆ?"

ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಕಾಳುಮೆಣಸಿನ ಬಗ್ಗೆ ಮಾತಾಡಿದ್ದ ಹಿರಿಯರೊಬ್ಬರು ಶುರು ಮಾಡಿದರು. ಅವರ ಸಂದರ್ಶನ ಆದದ್ದು ಮೆಣಸು ಕೆಜಿಗೆ 600 ರೂಪಾಯಿ ದಾಟಿದ್ದ ಕಾಲದಲ್ಲಿ. ನಾಲ್ಕೇ ವರ್ಷದಲ್ಲಿ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಬಂತು. "ಬೆಲೆ ಹೋಗ್ಲಿ ತಂಗೀ, ಮರು ಮಳೆಗಾಲಕ್ಕೆ ಸೊರಗು ರೋಗ ಬಂದು ಮುಕ್ಕಾಲು ಬಳ್ಳಿ ಹೋಯ್ತು. ಉಳಿದದ್ದು ಎಲ್ಲಿ ಗೊತ್ತಾ? ಬಸಿಗಾಲುವೆ ಆಳ ಇದ್ದ ಕಡೆ ಮಾತ್ರ. ಅದನ್ನ ಕೇಳೋಕೆ ಆಮೇಲೆ ಯಾರೂ ಬರ್ಲಿಲ್ಲ ನೋಡು."

ಅವರ ಹೆಂಡತಿ ಪಕ್ಕದಿಂದಲೇ ಸೇರಿಸಿದರು: "ರೇಡಿಯೋದಲ್ಲಿ ಮಾತಾಡಿದ್ದು ಇವ್ರು. ತೋಟ ನೋಡೋಕೆ ಬಂದವರಿಗೆ ಒಂದು ವರ್ಷ ಚಾ ಕಾಸಿದ್ದು ನಾನು." ಅಂಗಳ ತುಂಬ ನಗು. ಹೆಂಗಸರು ಮಾತ್ರ ಸ್ವಲ್ಪ ಜಾಸ್ತಿಯೇ ನಕ್ಕರು ಅನ್ನಿ.

ಆಮೇಲೆ ಒಬ್ಬೊಬ್ಬರೇ ಬಿಚ್ಚಿಕೊಂಡರು. ಜೇನು ಸಾಕುವವರ ಪೆಟ್ಟಿಗೆ ಇಪ್ಪತ್ತರಿಂದ ಮೂರಕ್ಕೆ ಇಳಿದಿತ್ತು. ಮಾದರಿ ತೋಟ ಅನ್ನಿಸಿಕೊಂಡ ಇನ್ನೊಬ್ಬರದ್ದಕ್ಕೆ ಎಲೆಚುಕ್ಕಿ ರೋಗ. ಹಳೆಯ ಭತ್ತದ ತಳಿ ಉಳಿಸಿದ್ದ ಅಮ್ಮ ಒಬ್ಬರು ಹೇಳಿದ್ದು ಮಾತ್ರ ಖುಷಿಯ ಸುದ್ದಿ. ಕಾರ್ಯಕ್ರಮ ಕೇಳಿ ಬಂದವರಿಗೆ ಕೊಟ್ಟ ಬೀಜ ಈಗ ಏಳು ಮನೆಯ ಗದ್ದೆಯಲ್ಲಿದೆಯಂತೆ. ಒಂದು ವರ್ಷ ಅವರ ಬೀಜವೇ ಕೆಟ್ಟಾಗ, ಅದೇ ಮನೆಗಳಿಂದ ವಾಪಸ್ ತಂದು ಬಿತ್ತಿದರಂತೆ.

ತೀರಿಹೋದ ಕೃಷಿಕರೊಬ್ಬರ ಮಗನೂ ಬಂದಿದ್ದ. ಅವನಿಗೆ ಅಪ್ಪನ ಸಂದರ್ಶನವನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರು. "ಫೋಟೋ ಬೇಕಾದಷ್ಟಿದೆ, ಅಪ್ಪನ ಧ್ವನಿ ಮನೇಲಿ ಇರ್ಲಿಲ್ಲ" ಅಂದ. ಅಷ್ಟೇ ಹೇಳಿ ಅದನ್ನು ಅಂಗಿ ಜೇಬಿಗೆ ಹಾಕಿಕೊಂಡ.

ನನಗೆ ಅನ್ನಿಸಿದ್ದು ಇಷ್ಟು. ಮಾಧ್ಯಮದವರು ನಮ್ಮ ಹತ್ತಿರ ಬರೋದು ಮೊದಲ ಫಸಲಿನ ವರ್ಷ. ಆದರೆ ತೋಟದ ಲೆಕ್ಕ ಹಾಗಲ್ಲವಲ್ಲ? ಅಡಿಕೆ ಗಿಡ ಫಸಲು ಕೊಡೋಕೇ ಐದಾರು ವರ್ಷ ಬೇಕು, ಮೆಣಸಿನ ಬಳ್ಳಿಗೆ ಮೂರ್ನಾಲ್ಕು. ನಿಜವಾದ ಪಾಠ ಸಿಗೋದು ಅದರ ಮೇಲೆ ಎರಡು ಮಳೆಗಾಲ, ಒಂದು ಬೆಲೆ ಕುಸಿತ ಕಳೆದ ಮೇಲೆ. ಈ ಶತಮಾನದ ಶುರುವಿನ ವೆನಿಲ್ಲಾ ಅಬ್ಬರ ನೆನಪಿದೆಯಲ್ಲ? ಹಸಿ ಕೋಡಿಗೆ ಸಾವಿರಗಟ್ಟಲೆ ಬೆಲೆ ಇದ್ದಾಗ ಊರೂರಲ್ಲೂ ಯಶೋಗಾಥೆ. ಬೆಲೆ ನೆಲಕಚ್ಚಿದ ಮೇಲೆ ಆ ಬಳ್ಳಿಗಳನ್ನು ಕಿತ್ತವರ ಕಥೆ ಎಷ್ಟು ಕಡೆ ಓದಿದ್ದೀರಿ?

ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆ ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಆ ದಾರಿ ನಮ್ಮೆದುರಿಗೆ ಇದೆ. ಇನ್ನು ಬೇಕಾದ್ದು, ಒಮ್ಮೆ ಬರೆದವರ, ಮಾತಾಡಿದವರ ಹತ್ತಿರ ಮತ್ತೊಮ್ಮೆ ಹೋಗೋದು. ಸೋತದ್ದನ್ನು ಹೇಳೋಕೆ ನಮ್ಮವರಿಗೆ ಸಂಕೋಚ. ಆದರೆ ಪಕ್ಕದಲ್ಲಿ ಕೂತವನೂ ಸೋತಿದ್ದಾನೆ ಅಂತ ಗೊತ್ತಾದ್ರೆ ಮಾತು ಬರುತ್ತೆ. ಆ ರಾತ್ರಿ ಆದದ್ದೇ ಅದು. ಸ್ಟುಡಿಯೋದಲ್ಲಿ ಒಬ್ಬರನ್ನೇ ಕೂರಿಸಿ ಕೇಳಿದ್ದರೆ ಬಸಿಗಾಲುವೆಯ ಮಾತು ಹೊರಗೆ ಬರ್ತಿತ್ತೋ ಇಲ್ಲವೋ!

ಮುಂದಿನ ತಿಂಗಳಿಂದ ಕೇಂದ್ರದವರು ತಿಂಗಳಿಗೊಬ್ಬ ಹಳೆಯ ಅತಿಥಿಯ ತೋಟಕ್ಕೆ ಮತ್ತೆ ಹೋಗ್ತಾರಂತೆ. ಮೊದಲ ಸರದಿ ಮೆಣಸಿನ ಹಿರಿಯರದ್ದು. ಈ ಸಲ ಅವರ ಹೆಂಡತಿಯೂ ಮಾತಾಡೋಕೆ ಒಪ್ಪಿದ್ದಾರೆ. ಚಾ ಫ್ಲಾಸ್ಕ್‌ನಲ್ಲಿ ನಾವೇ ತರ್ತೇವೆ ಅಂತ ಕೇಂದ್ರದವರು ಮಾತು ಕೊಟ್ಟ ಮೇಲೆ!

ನಿಮ್ಮಲ್ಲೂ ಒಂದು ವಿನಂತಿ. ಯಾರದ್ದೋ ಲೇಖನ ಓದಿ, ವಿಡಿಯೋ ನೋಡಿ ಗಿಡ ನೆಟ್ಟಿದ್ದರೆ ಈ ವಾರ ಅವರಿಗೊಂದು ಫೋನ್ ಮಾಡಿ. ನಿಮ್ಮಲ್ಲಿ ಏನಾಯ್ತು ಹೇಳಿ, ಅವರಲ್ಲಿ ಈಗ ಹೇಗಿದೆ ಕೇಳಿ. ಮಳೆಗಾಲಕ್ಕೆ ಮೊದಲು ಕೇಳಿದರೆ ಒಳ್ಳೆಯದು, ಬಸಿಗಾಲುವೆ ತೆಗೆಸೋಕೆ ಸಮಯ ಸಿಗುತ್ತೆ.