ಹಳೆಯದನ್ನು ಕಾಯುವ ದಾಸೋಹ

ಮಠದಲ್ಲಿ ನಮಗೆ ಕಲಿಸಿದ ಮೊದಲ ಪಾಠ ಓಲೆಗರಿಯನ್ನು ಓದುವುದಲ್ಲ, ಕಾಯುವುದು. ಧೂಳು ಒರೆಸಿ, ಎಣ್ಣೆ ಸವರಿ, ಗರಿ ಮುರಿಯುವ ಮೊದಲೇ ಕಾಗದಕ್ಕೆ ಪ್ರತಿಮಾಡಬೇಕು. ವಚನಗಳು ಉಳಿದದ್ದು ಹೀಗೆ ಪ್ರತಿಮಾಡಿದ ಅನಾಮಿಕರಿಂದ. ಆ ಪ್ರತಿಗಳನ್ನು ಅರಸಿ ತಂದೇ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು.

ಗಣಕಯಂತ್ರಕ್ಕೂ ಇದೇ ಧರ್ಮವೆಂಬುದು ಈಚೆಗೆ ಮನವರಿಕೆಯಾಯಿತು. ಇಪ್ಪತ್ತು ವರ್ಷಗಳ ಹಿಂದೆ ಸಿದ್ದಾಪುರದಲ್ಲಿ ಹಳೆಯ ‘ನುಡಿ’ ಅಕ್ಷರದಲ್ಲಿ ಬೆರಳಚ್ಚು ಮಾಡಿಸಿದ್ದ ನನ್ನ ವಚನಟೀಕೆಯನ್ನು ಹೊಸ ಯಂತ್ರದಲ್ಲಿ ತೆರೆದರೆ ಕಂಡದ್ದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಆ ಕಾಲದ ವಿನ್ಯಾಸವು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿತ್ತು. ಈಗಿನ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನವನ್ನೇ ಕೊಟ್ಟಿದೆ. ನನ್ನ ಬರಹವನ್ನು ಮರಳಿ ಕನ್ನಡವಾಗಿಸಿದ್ದು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಒಂದು ಪುಟ್ಟ ಮುಕ್ತ ತಂತ್ರಾಂಶ.

ಅದನ್ನೂ ಯಾರೋ ಕಾಯಬೇಕು. ಇಂಥ ಅನೇಕ ಸಾಧನಗಳಿಗೆ ಆಧಾರವಾಗಿದ್ದ ಪೈಥಾನ್ ಭಾಷೆಯ ಎರಡನೆಯ ಆವೃತ್ತಿಗೆ 2020ರ ಜನವರಿ 1ರಿಂದ ಪೋಷಣೆ ನಿಂತಿತು; ತಿದ್ದದೆ ಬಿಟ್ಟ ಸಾಧನಗಳು ಹೊಸ ಯಂತ್ರಗಳಲ್ಲಿ ನಡೆಯದಾದವು. 1993ರಲ್ಲಿ ಆರಂಭವಾದ ಡೆಬಿಯನ್ ಬಳಗದ ಸ್ವಯಂಸೇವಕರು ಪಾಲಕನಿಲ್ಲದ ತಂತ್ರಾಂಶವನ್ನು ‘ಅನಾಥ’ವೆಂದು ಸಾರಿ, ದತ್ತು ಪಡೆಯುವವರಿಗಾಗಿ ಎದುರು ನೋಡುತ್ತಾರೆ. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಅಕ್ಷರವಿನ್ಯಾಸಗಳೂ ಅವರ ಭಂಡಾರ ಸೇರಿವೆ.

ಹೊಸದನ್ನು ಕಟ್ಟಿದವನಿಗೆ ಹಾರ ತುರಾಯಿ. ಹಳೆಯದನ್ನು ತಿದ್ದಿ ನಡೆಸುವವನ ಹೆಸರನ್ನು ಯಾರೂ ಕೇಳರು. ಪ್ರತಿಫಲ ಬಯಸದೆ ಸಮಾಜಕ್ಕೆ ಸಲ್ಲುವ ಇಂಥ ದುಡಿಮೆ ದಾಸೋಹವಲ್ಲದೆ ಮತ್ತೇನು? ಇಂದು ನಮ್ಮ ಮನೆಗಳ ಮಕ್ಕಳು ಗಣಕವಿದ್ಯೆ ಕಲಿಯುತ್ತಿದ್ದಾರೆ. ಅವರಲ್ಲೊಬ್ಬರು ಅನಾಥವಾದ ಒಂದು ಕನ್ನಡ ಸಾಧನವನ್ನು ದತ್ತು ಪಡೆದರೂ ಸಾಕು, ಮುಂದಿನ ಪೀಳಿಗೆಗೆ ನಮ್ಮ ಬರಹ ಓದಲು ಸಿಕ್ಕೀತು.