ಎರಡಾಣೆಯ ವ್ಯವಹಾರಶಾಸ್ತ್ರ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಮ್ಯಾನೇಜರುಗಳಾಗಿದ್ದಾರೆ. ಹಿಂದಿನ ಬೆಂಚಿನಲ್ಲಿ ಕುಳಿತು ಕಿಟಕಿಯಾಚೆ ನೋಡುತ್ತಿದ್ದವರೂ ಮೂವತ್ತು ನಲವತ್ತು ಜನರಿಂದ ಕೆಲಸ ಮಾಡಿಸುತ್ತಿದ್ದಾರೆಂದು ಕೇಳಿದಾಗ ಸಂತೋಷವಾಗುತ್ತದೆ. ಸ್ವಲ್ಪ ಆಶ್ಚರ್ಯವೂ ಆಗುತ್ತದೆ. ಊರಿಗೆ ಬಂದಾಗ ಇವರಾಡುವ ಮಾತಿನಲ್ಲಿ ಮಾರ್ಕೆಟಿಂಗ್, ಲೀಡರ್‌ಶಿಪ್, ಟಾರ್ಗೆಟ್ ಎಂಬ ಮೂರು ಪದಗಳು ಉಪ್ಪಿನಕಾಯಿಯಂತೆ ಪ್ರತಿ ತುತ್ತಿಗೂ ಬರುತ್ತವೆ. ಬೆಂಗಳೂರಿನಲ್ಲಿರುವ ನನ್ನ ಅಳಿಯಂದಿರು ಈ ವಿಷಯದ ನಾಲ್ಕೈದು ದಪ್ಪ ಪುಸ್ತಕಗಳನ್ನು ತಂದುಕೊಟ್ಟಿದ್ದಾರೆ. ಓದಿದೆ. ಒಳ್ಳೆಯ ಪುಸ್ತಕಗಳೇ. ಆದರೆ ಉದಾಹರಣೆಗಳೆಲ್ಲ ಅಮೆರಿಕದವು. ಉಡುಪಿಯವರಿಗೆ ಉಡುಪಿಯದೇ ಒಂದು ಉದಾಹರಣೆ ಇರುವಾಗ ಅಷ್ಟು ದೂರ ಹೋಗಬೇಕಾದ ಅಗತ್ಯವಿಲ್ಲವೆನಿಸಿ ಇದನ್ನು ಬರೆಯುತ್ತಿದ್ದೇನೆ.

1925ರಲ್ಲಿ ಉಡುಪಿಯಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಬ್ಯಾಂಕನ್ನು ಆರಂಭಿಸಿದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ. ಕೈಮಗ್ಗದ ಉದ್ಯಮ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲವದು. ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಉದ್ದ ಹೆಸರಿನ ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು, 1969ರಲ್ಲಿ ರಾಷ್ಟ್ರೀಕರಣಗೊಂಡಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಾನು ಹೇಳಹೊರಟಿರುವುದು ಅದು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯ ವಿಷಯ. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಬ್ಯಾಂಕಿನವರೇ ಮನೆ ಬಾಗಿಲಿಗೆ ಬಂದು ಸಂಗ್ರಹಿಸುವ ಯೋಜನೆ. ಲೆಕ್ಕದ ಮೇಷ್ಟ್ರಾಗಿದ್ದವನ ಚಟ, ಕ್ಷಮಿಸಿ: ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಅಷ್ಟು ಹಣವನ್ನು ಒಟ್ಟಿಗೆ ತಂದಿಡಿ ಎಂದಿದ್ದರೆ ಕೂಲಿಯವನು ಬ್ಯಾಂಕಿನ ಮೆಟ್ಟಿಲನ್ನೂ ಹತ್ತುತ್ತಿರಲಿಲ್ಲ.

ನಾನು ಇದನ್ನು ಕಣ್ಣಾರೆ ಕಂಡದ್ದು ನನ್ನ ದೊಡ್ಡಪ್ಪನ ಗೂಡಂಗಡಿಯಲ್ಲಿ. ಬೀಡಿ, ಬೆಂಕಿಪೊಟ್ಟಣ, ಬಾಳೆಹಣ್ಣು, ಸೋಡಾ. ಪಿಗ್ಮಿಯವರು ಸಂಜೆ ಐದರ ಬಸ್ಸು ಹೋದ ಮೇಲೆ ಬರುತ್ತಿದ್ದರು. ಬೆಳಿಗ್ಗೆ ಅದೇ ದಾರಿಯಲ್ಲಿ ಹೋದರೂ ಅಂಗಡಿಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಬೋಣಿಯಾಗುವ ಮೊದಲು ಅಂಗಡಿಯವನಿಂದ ಕಾಸು ಕೇಳಬಾರದೆಂಬುದು ಅವರಿಗೆ ಗೊತ್ತಿತ್ತು. ಸಂಜೆಯ ಬಸ್ಸಿನವರು ಬಂದು ಹೋದ ಮೇಲೆ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಕೂಡಿರುತ್ತಿತ್ತು. ಆ ಚಿಲ್ಲರೆ ಮನೆಗೆ ಹೋಗಿ ಖರ್ಚಾಗುವ ಮೊದಲು ಇವರು ಎದುರಿಗೆ ನಿಂತಿರುತ್ತಿದ್ದರು. ಗಿರಾಕಿಯ ಕೈಯಲ್ಲಿ ಹಣ ಯಾವಾಗ ಇರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ತಿಳಿಯದೆ ಮಾಡುವ ಮಾರ್ಕೆಟಿಂಗ್ ಬರಿಯ ಗದ್ದಲವೆಂದು ನಾನು ನಂಬಿರುವುದು ಅವರನ್ನು ನೋಡಿಯೇ.

ಆಟಿ ತಿಂಗಳ ಜಡಿಮಳೆಯಲ್ಲಿ ವ್ಯಾಪಾರವಿರುತ್ತಿರಲಿಲ್ಲ. ಆಗಲೂ ಅವರು ಬರುತ್ತಿದ್ದರು. ಕೊಡೆ ಮಡಚಿ ಬೆಂಚಿನ ಮೇಲೆ ಕುಳಿತು, "ಇವತ್ತು ಬೇಡ ಮಾರಾಯ್ರೆ, ನಾಳೆ ನೋಡುವ" ಎಂದು ತಾವೇ ಹೇಳಿಬಿಡುತ್ತಿದ್ದರು. ಹಣವಿಲ್ಲವೆಂದು ಹೇಳಬೇಕಾದ ಸಂಕೋಚ ದೊಡ್ಡಪ್ಪನಿಗೆ ಉಳಿಯುತ್ತಿರಲಿಲ್ಲ. ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಹಣ ಕೊಟ್ಟ ದಿನ ಕಾರ್ಡಿನಲ್ಲಿ ಮೊತ್ತ ಬರೆದು ನನ್ನ ಕೈಗೆ ಕೊಟ್ಟು, "ಓದು, ನೋಡುವ" ಎನ್ನುತ್ತಿದ್ದರು. ದೊಡ್ಡಪ್ಪನಿಗೆ ಅಕ್ಷರ ಬಾರದು. ತಾನು ಬರೆದದ್ದನ್ನು ಮನೆಯ ಹುಡುಗನಿಂದಲೇ ಗಟ್ಟಿಯಾಗಿ ಓದಿಸಿದರೆ ಅನುಮಾನಕ್ಕೆ ಎಡೆಯಿಲ್ಲ. ಇಂದಿನ ಭಾಷೆಯಲ್ಲಿ ಇದನ್ನು ಪಾರದರ್ಶಕತೆ ಎನ್ನುತ್ತಾರೆ.

ಯೋಜನೆಗೆ ಇನ್ನೊಂದು ಮುಖವೂ ಇದೆ. ಬಿಸಿಲು ಮಳೆಯೆನ್ನದೆ ನಡೆದು ಠೇವಣಿ ತಂದ ಈ ಜನ ಕಮಿಷನ್ ಮೇಲೆ ದುಡಿಯುವವರು. ಇವರು ಬ್ಯಾಂಕಿನ ಕೆಲಸಗಾರರು ಹೌದೋ ಅಲ್ಲವೋ ಎಂಬ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ಕೆಲಸಗಾರರು ಹೌದು ಎಂಬ ತೀರ್ಪು ಬಂದದ್ದು 2001ರಲ್ಲಿ. ಯೋಜನೆ ಆರಂಭವಾಗಿ 73 ವರ್ಷಗಳ ಮೇಲೆ! ಮುಖಂಡರೆನಿಸಿಕೊಂಡವರು ಗಿರಾಕಿಯನ್ನು ಅರ್ಥಮಾಡಿಕೊಂಡಷ್ಟು ಬೇಗ ತಮ್ಮವರನ್ನು ಅರ್ಥಮಾಡಿಕೊಳ್ಳುವುದಿಲ್ಲ. ಜನರನ್ನು ನಡೆಸುವ ಕೆಲಸದಲ್ಲಿರುವವರು ಈ ಭಾಗವನ್ನೂ ಓದಬೇಕು.

ಇಷ್ಟೆಲ್ಲ ನೆನಪಾಗಲು ಕಾರಣ ಒಬ್ಬ ಹಳೆಯ ವಿದ್ಯಾರ್ಥಿನಿಯ ಫೋನು. ಒಂದು ಬ್ಯಾಂಕಿನ ಶಾಖೆಗೆ ಆಕೆ ಆಗತಾನೇ ಮ್ಯಾನೇಜರ್ ಆಗಿದ್ದಳು. "ಮಾಸ್ಟ್ರೇ, ಮಾರ್ಚ್ ಮೂವತ್ತೊಂದರೊಳಗೆ ಇಷ್ಟು ವಿಮಾ ಪಾಲಿಸಿ ಆಗಲೇಬೇಕೆಂದು ಮೇಲಿನಿಂದ ದಿನಕ್ಕೆರಡು ಸಲ ಫೋನ್ ಬರುತ್ತದೆ. ಠೇವಣಿಯ ಅವಧಿ ಮುಗಿದ ಹಿರಿಯರಿಗೆ ಹೇಳಿ ಮಾಡಿಸಿ ಎನ್ನುತ್ತಾರೆ. ಅವರು ನಮ್ಮನ್ನು ನಂಬಿ ಸಹಿ ಹಾಕಿಬಿಡುತ್ತಾರೆ. ನನಗೆ ಅದೇ ಹೆದರಿಕೆ" ಎಂದಳು. ಎಪ್ಪತ್ತು ದಾಟಿದ ಮೀನು ಮಾರುವ ಹೆಂಗಸೊಬ್ಬರ ಎರಡು ಲಕ್ಷ ರೂಪಾಯಿಗೆ ಆಕೆಯ ಸಿಬ್ಬಂದಿಯೊಬ್ಬ ಅರ್ಜಿಯನ್ನೂ ತುಂಬಿಸಿಟ್ಟಿದ್ದನಂತೆ. ಪ್ರತಿವರ್ಷ ಕಂತು ಕಟ್ಟಬೇಕಾದ ಪಾಲಿಸಿ. ಎರಡನೆಯ ವರ್ಷ ಎಲ್ಲಿಂದ ತರುವುದು? ಕಂತು ನಿಂತರೆ ನಷ್ಟವೇ.

(ಇದನ್ನೋದುವ ಬಂಧುಗಳಿಗೊಂದು ಮಾತು. ಇಂಥ ಪಾಲಿಸಿಗೆ ಸಹಿ ಹಾಕಿ ಆಮೇಲೆ ಬೇಡವೆನಿಸಿದರೆ, ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸುವ ಅವಕಾಶವಿದೆ. ಸುಮ್ಮನೆ ಕೂರಬೇಡಿ.)

ನಾನು ಆಕೆಗೆ ಪಿಗ್ಮಿಯವರ ಕಥೆ ಹೇಳಿದೆ. ಸಿಬ್ಬಂದಿಯ ನಾಲ್ವರನ್ನೂ ಕೂರಿಸಿಕೊಂಡು, ಪಟ್ಟಿಯಲ್ಲಿರುವ ಪ್ರತಿ ಹೆಸರಿನ ಮುಂದೆ "ಎರಡನೆಯ ಕಂತು ಯಾವ ಆದಾಯದಿಂದ?" ಎಂಬುದಕ್ಕೆ ಉತ್ತರ ಬರೆಯಿಸು ಎಂದೆ. ಉತ್ತರ ಬಾರದ ಹೆಸರನ್ನು ಹೊಡೆದುಹಾಕು. ಬದಲಿಗೆ ಸಣ್ಣ ಮಕ್ಕಳಿರುವ ರಿಕ್ಷಾದವರು, ಅಂಗಡಿಯವರು, ದುಡಿಯುವವನೊಬ್ಬನೇ ಇರುವ ಮನೆಗಳು ಊರಲ್ಲಿ ಎಷ್ಟಿವೆ ನೋಡು. ವಿಮೆ ನಿಜವಾಗಿ ಬೇಕಾದದ್ದು ಅವರಿಗೆ, ಮತ್ತು ಅವರು ಬ್ಯಾಂಕಿಗೆ ಬರುವುದಿಲ್ಲ. ಹುಡುಗರನ್ನು ಸಂಜೆ "ಎಷ್ಟು ಮಾರಿದಿರಿ" ಎಂದು ಕೇಳುವ ಬದಲು "ಯಾರನ್ನು ಕಂಡಿರಿ, ಏನು ತಿಳಿಯಿತು" ಎಂದು ಕೇಳು. ಮೇಲಿನ ಫೋನನ್ನು ಬಾಗಿಲು ಹಾಕಿಕೊಂಡು ನೀನೇ ಕೇಳು. ಆ ಮಾತುಗಳನ್ನು ಹೊರಗೆ ಬಂದು ಅವರ ಮೇಲೆ ಸುರಿಯಬೇಡ. ಈ ಕೊನೆಯದು ಬಹಳ ಕಷ್ಟದ್ದು. ಹೆಡ್‌ಮಾಸ್ಟರನಾಗಿ ಕೆಲಸ ಮಾಡಿದವನಿಗೆ ಅದರ ಕಷ್ಟ ಗೊತ್ತು.

ಆಕೆ ಹಾಗೆಯೇ ನಡೆದುಕೊಂಡಳು. ಮೀನು ಮಾರುವ ಹೆಂಗಸಿನ ಹಣ ಠೇವಣಿಯಾಗಿಯೇ ಮುಂದುವರಿಯಿತು. ಮಾರ್ಚ್ ಕೊನೆಗೆ ಗುರಿಯ ಅರ್ಧಕ್ಕಿಂತ ತುಸು ಹೆಚ್ಚು ಆಗಿತ್ತು, ಅಷ್ಟೇ. ಸಭೆಯಲ್ಲಿ ಎಲ್ಲರೆದುರು ಮಾತು ಕೇಳಿಸಿಕೊಂಡಳು. ಜೂನ್‌ನಲ್ಲಿ ಘಟ್ಟದ ಮೇಲೆ, ಬಯಲುಸೀಮೆಯ ಒಂದು ಊರಿಗೆ ವರ್ಗವಾಯಿತು. ಮಗ ಹತ್ತನೆಯ ತರಗತಿ. ಆತನನ್ನು ಅಜ್ಜಿಯ ಬಳಿ ಬಿಟ್ಟು ಹೋಗಬೇಕಾಯಿತು. ಇದನ್ನು ಮುಚ್ಚಿಡಬಾರದು. ಸರಿಯಾಗಿ ನಡೆಸಿದವರಿಗೆ ಬಡ್ತಿ ಬಂದೇ ಬರುತ್ತದೆಂದು ಆ ದಪ್ಪ ಪುಸ್ತಕಗಳು ಹೇಳುವಂತೆ ನಾನು ಹೇಳಲಾರೆ. ಸಲಹೆ ನನ್ನದು, ಬೆಲೆ ತೆತ್ತವಳು ಅವಳು.

ಈ ವರ್ಷ ಆ ಹಳೆಯ ಶಾಖೆಯ ಗುಮಾಸ್ತರೊಬ್ಬರು ಪೇಟೆಯಲ್ಲಿ ಸಿಕ್ಕಿದ್ದರು. ಅಂದು ಮಾಡಿಸಿದ ಪಾಲಿಸಿಗಳಲ್ಲಿ ಮೂರು ಬಿಟ್ಟು ಉಳಿದೆಲ್ಲಕ್ಕೂ ಎರಡನೆಯ ಕಂತು ಬಂದಿದೆಯಂತೆ. ರಿಕ್ಷಾ ಸ್ಟ್ಯಾಂಡಿನವರು ಈಗಲೂ "ಆ ಮೇಡಂ ಎಲ್ಲಿದ್ದಾರೆ" ಎಂದು ಕೇಳುತ್ತಾರಂತೆ. ಮನೆಗೆ ಬಂದು ಆಕೆಗೆ ಫೋನ್ ಮಾಡಿ ತಿಳಿಸಿದೆ. ನಕ್ಕಳು. ಮಗನ ಪರೀಕ್ಷೆಯ ವಿಷಯ ಸ್ವಲ್ಪ ಹೊತ್ತು ಮಾತನಾಡಿದಳು. ಆಮೇಲೆ, "ಮಾಸ್ಟ್ರೇ, ಇಲ್ಲಿ ಗುರುವಾರ ಸಂತೆ. ಮೂರು ವಾರ ಸುಮ್ಮನೆ ಹೋಗಿ ನಿಂತು ನೋಡಿದೆ. ಮಧ್ಯಾಹ್ನ ಎರಡರ ಮೇಲೆ ತರಕಾರಿಯವರ ಕೈಯಲ್ಲಿ ಹಣವಿರುತ್ತದೆ, ನಾಲ್ಕಕ್ಕೆಲ್ಲ ಅದು ಬಡ್ಡಿಯವನ ಕೈಗೆ ಹೋಗುತ್ತದೆ" ಎಂದಳು.