ಮುಧೋಳಕ್ಕೆ ಹೋಗಿ ಬರಿಗೈಲಿ ಬಂದೆವು

ಡಿಸೆಂಬರಿನ ಒಂದು ಶುಕ್ರವಾರ ರಾತ್ರಿ ನಾನೂ ನನ್ನ ಗಂಡನೂ ಬಾಗಲಕೋಟೆ ಕಡೆಯ ರೈಲು ಹತ್ತಿದಾಗ ನಮ್ಮ ಜೊತೆ ಒಂದು ಖಾಲಿ ಬುಟ್ಟಿ ಇತ್ತು. ಬೆತ್ತದ್ದು, ಮುಚ್ಚಳ ಇರೋದು, ಒಳಗೆ ಮಡಚಿಟ್ಟ ಹಳೇ ಟವೆಲ್. ಎದುರು ಸೀಟಿನ ಅಜ್ಜಿ ಸುಮಾರು ಹೊತ್ತು ಅದನ್ನೇ ನೋಡಿ, 'ಇದರಾಗ ಏನ್ ಒಯ್ಯಾಕತ್ತೀರಿ?' ಅಂತ ಕೇಳಿದರು.

'ಈಗ ಏನೂ ಇಲ್ಲ ಅಜ್ಜಿ. ವಾಪಸ್ ಬರುವಾಗ ಕಾರಲ್ಲಿ ನಾಯಿಮರಿ ತರ್ತೀವಿ.'

'ನಾಯಿ ತರಾಕ ಇಷ್ಟು ದೂರ? ಬೆಂಗಳೂರಾಗ ನಾಯಿಗೆ ಬರಗಾಲ ಬಿದ್ದೈತೇನು?'

ಅಕ್ಕಪಕ್ಕದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ಸುಳ್ಳಲ್ಲ. ನಮ್ಮ ಅಪಾರ್ಟ್‌ಮೆಂಟ್ ಗೇಟಿನಿಂದ ಮೆಟ್ರೋ ಸ್ಟೇಷನ್ ತನಕ ಹನ್ನೊಂದು ನಾಯಿ ಸಿಗುತ್ತವೆ. ದಿನಾ ನೋಡ್ತೀನಿ, ಎಣಿಸಿದ್ದೀನಿ ಕೂಡ.

ಅಜ್ಜಿಗೆ ಹೇಳದೇ ಇದ್ದ ಒಂದು ಸಂಗತಿ ಇತ್ತು. ಹಿಂದಿನ ವರ್ಷ ನಾವು ಒಂದು ಬೀಗಲ್ ಮರಿ ಕೊಂಡಿದ್ದೆವು. ಫೋನಿನಲ್ಲಿ ಫೋಟೋ ನೋಡಿ, 22 ಸಾವಿರ ಕೊಟ್ಟು. ಮಾರುವವನು ಜಾಗ ತೋರಿಸಲಿಲ್ಲ, ತಾನೇ ಒಂದು ಮಾಲ್‌ನ ಪಾರ್ಕಿಂಗಿಗೆ ಬಂದು ರಟ್ಟಿನ ಪೆಟ್ಟಿಗೆ ಕೈಗಿಟ್ಟ. 'ತಾಯಿ ಎಲ್ಲಿದೆ?' ಅಂದಿದ್ದಕ್ಕೆ 'ಫಾರ್ಮಲ್ಲಿದೆ ಮೇಡಂ, ಚಾಂಪಿಯನ್ ಲೈನ್' ಅಂದ. ಮರಿಗೆ ಲಡ್ಡು ಅಂತ ಹೆಸರಿಟ್ಟೆವು. ಮೂರನೇ ದಿನ ಊಟ ಬಿಟ್ಟ. ಆಮೇಲೆ ವಾಂತಿ, ರಕ್ತಭೇದಿ. ಪಾರ್ವೊ. ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡಿ, 'ಎರಡು ತಿಂಗಳು ಅಂದ್ರಾ? ಐದು ವಾರ ಇರಬಹುದು ಅಷ್ಟೆ' ಅಂದರು. ವೈರಸ್ ಮೈಗೆ ಹೊಕ್ಕ ಮೇಲೆ ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕಂತೆ. ಅಂದರೆ ನಮ್ಮ ಮನೆಗೆ ಬರುವ ಮೊದಲೇ ಹತ್ತಿರಬೇಕು. ಆರನೇ ದಿನ ಬೆಳಗಿನ ಜಾವ ಲಡ್ಡು ಹೋದ. ಡ್ರಿಪ್ ಹಾಕಿದ್ದ ಕಾಲಿಗೆ ಸುತ್ತಿದ್ದ ನೀಲಿ ಬ್ಯಾಂಡೇಜು ಇನ್ನೂ ಹಾಗೇ ಇತ್ತು. ಮಾರಿದವನು ನಮ್ಮ ನಂಬರ್ ಬ್ಲಾಕ್ ಮಾಡಿದ್ದ.

2022ರಲ್ಲಿ '777 ಚಾರ್ಲಿ' ಬಂದಾಗ ಥಿಯೇಟರಿನಲ್ಲಿ ಕರ್ಚೀಫು ಒದ್ದೆ ಮಾಡಿಕೊಂಡವರಲ್ಲಿ ನಾನೂ ಒಬ್ಬಳು. ಮರಿ ಹಾಕಿಸಿ ಮಾರುವವನ ಕೈಯಿಂದ ತಪ್ಪಿಸಿಕೊಂಡು ಬಂದ ನಾಯಿಯ ಕಥೆ ಅದು. ಅಷ್ಟು ಅತ್ತವಳೇ ಆಮೇಲೆ ಪಾರ್ಕಿಂಗಿನಲ್ಲಿ ನಿಂತು ಯುಪಿಐ ಪಿನ್ ಒತ್ತಿದ್ದೂ. ಇದನ್ನು ಬರೆಯೋಕೆ ನಾಚಿಕೆಯಾಗುತ್ತೆ, ಆದರೂ ಬರೀತಿದ್ದೀನಿ.

ಆಮೇಲೆ ಓದಿ ತಿಳಿದದ್ದು: ನಾಯಿ ಸಂತಾನ ಮಾಡಿಸಿ ಮಾರುವವರಿಗೆ 2017ರಿಂದಲೇ ಕೇಂದ್ರ ಸರ್ಕಾರದ ನಿಯಮಗಳಿವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಒಂದೂವರೆ ವರ್ಷ ಆಗದ ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ, ಅದರ ಇಡೀ ಆಯುಷ್ಯದಲ್ಲಿ ಐದು ಸಲಕ್ಕಿಂತ ಹೆಚ್ಚು ಹಾಕಿಸುವಂತಿಲ್ಲ. ನೋಂದಣಿ ಪತ್ರ ತೋರಿಸಿ ಅಂತ ನಾವು ಕೇಳಿದ್ದೆವಾ? ಕೇಳಿದ್ದು ಒಂದೇ: 'ಸ್ವಲ್ಪ ಕಡಿಮೆ ಆಗುತ್ತಾ?'

ಒಂದು ವರ್ಷ ಮನೆಯಲ್ಲಿ ನಾಯಿಯ ಮಾತೇ ಇರಲಿಲ್ಲ. ಮತ್ತೆ ಎತ್ತಿದವನು ನನ್ನ ಗಂಡ. ಅವನು ಜಮಖಂಡಿ ಕಡೆಯವನು. 'ಈ ಸಲ ನಮ್ಮ ಕಡೆ ನಾಯೀನೇ ತರೋಣ. ಮುಧೋಳಕ್ಕೇ ಹೋಗಿ, ತಾಯಿ ನೋಡಿ ತರೋಣ' ಅಂದ. ನಾನು ಶೆಲ್ಟರ್‌ಗೆ ಹೋಗೋಣ ಅಂದೆ. 'ಅಲ್ಲಿ ಅದರ ಹಿಂದಿನ ಕಥೆ ಏನು ಅಂತಾನೇ ಗೊತ್ತಿರಲ್ಲ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ' ಅಂದ. ವಾದ ಮಾಡಲಿಲ್ಲ. ಬುಟ್ಟಿ ನಾನೇ ಕೊಂಡೆ.

ಬಾಗಲಕೋಟೆಯಲ್ಲಿ ಇಳಿದಾಗ ಗಂಡನ ಸೋದರಮಾವ ಕಾರು ತಂದಿದ್ದರು. ಲೋಕಾಪುರ ದಾಟುತ್ತಿದ್ದಂತೆ ರಸ್ತೆಯೆಲ್ಲ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಹಿಂದೆ ಲೈಟಿಲ್ಲ, ಮುಂದೆ ಮಾತ್ರ ಊರಿಗೆಲ್ಲ ಕೇಳುವಷ್ಟು ಹಾಡು. ಸಕ್ಕರೆ ಕಾರ್ಖಾನೆಗಳ ಸೀಸನ್ನು. ಗಾಳಿಯಲ್ಲಿ ಬೆಲ್ಲ ಹುಳಿತಂಥ ವಾಸನೆ. ನನಗೆ ಮುಧೋಳ ಅಂದರೆ ಶಾಲೆಯಲ್ಲಿ ಓದಿದ ರನ್ನನ ಊರು. ಊರಿನವರಿಗೆ ರನ್ನ, ನಾಯಿ ಇಬ್ಬರ ಬಗ್ಗೆಯೂ ಒಂದೇ ತೂಕದ ಹೆಮ್ಮೆ. ಮಾಮಾ ಅಂತೂ ಘಟಪ್ರಭಾ ಕಾಣಿಸುವಷ್ಟರಲ್ಲಿ ನಾಯಿಯ ಪೂರ್ತಿ ಇತಿಹಾಸ ಹೇಳಿ ಮುಗಿಸಿದ್ದರು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಬೇಡರ ಹತ್ತಿರ ಇದ್ದ ಬೇಟೆನಾಯಿಗಳನ್ನು ಸಾಕಿ ತಳಿ ಉಳಿಸಿದ್ದು, ಇಂಗ್ಲೆಂಡಿನ ಐದನೇ ಜಾರ್ಜ್‌ಗೆ ಒಂದು ಜೊತೆ ಕಾಣಿಕೆ ಕೊಟ್ಟರು ಅನ್ನೋ ಕಥೆ, 2005ರಲ್ಲಿ ಅಂಚೆಚೀಟಿ ಬಂದದ್ದು, ಸೇನೆಯವರು ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದದ್ದು. ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. 'ಅಲ್ಲಿಗೆ ನಾಳೆ ಹೋಗೂಣು. ಮೊದಲ ನಮ್ಮ ಕಾಕಾನ ನಾಯಿ ನೋಡ್ರಿ' ಅಂದರು.

ಕಾಕಾ ಸಂಬಂಧಿಕರೇನಲ್ಲ, ಊರಿಗೆಲ್ಲ ಕಾಕಾ. ಎಪ್ಪತ್ತರ ಆಸುಪಾಸು, ತಲೆಗೆ ಬಿಳಿ ಟೊಪ್ಪಿಗೆ. ಮನೆ ಹೊಲದಲ್ಲೇ. ಎರಡು ಹೆಣ್ಣು, ಒಂದು ಗಂಡು ನಾಯಿ. ಬೋರ್ಡಿಲ್ಲ, ವಿಸಿಟಿಂಗ್ ಕಾರ್ಡಿಲ್ಲ, ಆದರೆ ಒಂದು ನೋಟ್‌ಬುಕ್ ಇತ್ತು. ಯಾವ ನಾಯಿ ಯಾವಾಗ ಮರಿ ಹಾಕಿತು, ಯಾವ ಮರಿ ಯಾರ ಮನೆಗೆ ಹೋಯಿತು, ಲಸಿಕೆ ಯಾವಾಗ, ಎಲ್ಲ ನೀಲಿ ಪೆನ್ನಿನಲ್ಲಿ ಬರೆದದ್ದು. ನಾನು ತಾಯಿಯನ್ನು ನೋಡಬೇಕು ಅಂದಾಗ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. 'ಇಲ್ಲೇ ಐತೆಲ್ಲ ತಂಗೀ, ಮತ್ತೆಲ್ಲಿ ಹೊಕ್ಕತಿ?'

ದನದ ಕೊಟ್ಟಿಗೆಯ ಮೂಲೆಯಲ್ಲಿ ಕಣಿಕೆಯ ಮೇಲೆ ಮಲಗಿತ್ತು. ಉದ್ದ ಮೂತಿ, ಬೂದು ಬಣ್ಣ, ಸೊಂಟ ಒಂದು ಹಿಡಿಯಷ್ಟು. ಆರು ಮರಿ. ನನ್ನನ್ನು ಒಮ್ಮೆ ನೋಡಿ ಮುಖ ಆಚೆ ತಿರುಗಿಸಿತು. ಬಾಲ ಆಡಿಸಲಿಲ್ಲ, ಬೊಗಳಲೂ ಇಲ್ಲ. 'ಮುಟ್ಟಬ್ಯಾಡ್ರಿ. ಹೊರಗಿನವರು ಮುಟ್ಟಿದ್ರ ಇವಕ್ಕ ಸೇರಂಗಿಲ್ಲ' ಅಂದರು ಕಾಕಾ.

ಮರುದಿನ ಬೆಳಗ್ಗೆ ಕಬ್ಬು ಕಡಿದ ಹೊಲಕ್ಕೆ ಗಂಡು ನಾಯಿಯನ್ನು ಬಿಟ್ಟರು. ವಿಡಿಯೋ ಮಾಡೋಣ ಅಂತ ಫೋನ್ ಎತ್ತಿದೆ. ಕ್ಯಾಮೆರಾ ತೆರೆಯುವಷ್ಟರಲ್ಲಿ ಅದು ಹೊಲದ ಆ ತುದಿಯಲ್ಲಿತ್ತು. ಇಂಥ ನಾಯಿಗಳು ವಾಸನೆಗಿಂತ ಹೆಚ್ಚಾಗಿ ಕಣ್ಣಿನಿಂದ ಬೇಟೆಯಾಡುತ್ತವೆ. ದೂರದಲ್ಲಿ ಏನೋ ಅಲ್ಲಾಡಿದ್ದು ಕಂಡರೆ ಸಾಕು, ಕರೆದದ್ದು ಕೇಳುವುದಿಲ್ಲ. ಓಡುವಾಗ ಬೆನ್ನು ಬಿಲ್ಲಿನ ಹಾಗೆ ಬಾಗಿ ನಾಲ್ಕೂ ಕಾಲು ಹೊಟ್ಟೆಯಡಿ ಸೇರುತ್ತವೆ, ಮರುಕ್ಷಣ ನಾಲ್ಕೂ ನೆಲ ಬಿಟ್ಟಿರುತ್ತವೆ. ಎರಡು ಸುತ್ತು ಹೊಡೆದು ಬಂದು ಕಾಕಾನ ಪಕ್ಕ ನಿಂತಿತು. ನಾನು ನಮ್ಮ ಬಾಲ್ಕನಿಯನ್ನು ನೆನೆಸಿಕೊಂಡೆ. ಎಂಟಡಿಗೆ ನಾಲ್ಕಡಿ, ಅದರಲ್ಲೇ ವಾಷಿಂಗ್ ಮಷೀನು.

ನಾಷ್ಟಾಕ್ಕೆ ರೊಟ್ಟಿ, ಝುಣಕ, ಶೇಂಗಾ ಚಟ್ನಿ. ತಿನ್ನುತ್ತಾ ಕಾಕಾ ಒಂದೊಂದಾಗಿ ಕೇಳಿದರು. ಮನೆ ಸ್ವಂತದ್ದೋ ಬಾಡಿಗೆಯೋ? ಎಷ್ಟನೇ ಮಾಳಿಗೆ? ಹಗಲು ಮನೆಯಲ್ಲಿ ಯಾರಿರುತ್ತಾರೆ? ನೀವಿಬ್ಬರೂ ಊರಿಗೆ ಹೋದರೆ ಯಾರು ನೋಡುತ್ತಾರೆ? ಬಾಡಿಗೆ, ನಾಲ್ಕನೇ ಮಹಡಿ, ವಾರಕ್ಕೆ ಮೂರು ದಿನ ಇಬ್ಬರೂ ಆಫೀಸಿಗೆ ಹೋಗ್ತೀವಿ ಅಂತ ನಾನು ಹೇಳುತ್ತಿದ್ದರೆ ಗಂಡ ರೊಟ್ಟಿ ನೋಡುತ್ತಿದ್ದ.

'ಕೊಡಂಗಿಲ್ಲ ತಮ್ಮಾ' ಅಂದರು ಕಾಕಾ.

'ರೊಕ್ಕ ಹೆಚ್ಚಿಗಿ ಬೇಕಂದ್ರ...'

'ರೊಕ್ಕದ ಮಾತಲ್ಲ. 2020ರಾಗ ಪ್ರಧಾನಿ ರೇಡಿಯೋದಾಗ ಈ ನಾಯಿ ಹೆಸರ ಹೇಳಿದ್ರು ನೋಡು, ಆವಾಗಿಂದ ಫೋನ್ ನಿಂತಿಲ್ಲ. ಬೆಂಗಳೂರಿನವ್ರು ಒಬ್ರು ಬಂದ್ರು. ಹನ್ನೆರಡನೇ ಮಾಳಿಗಿ. ಕೊಟ್ಟೆ. ಸೋಫಾ ಹರೀತು, ಕೆಳಗಿನ ಮನ್ಯಾವ್ರು ಜಗಳ ತೆಗದ್ರು ಅಂತ ಎರಡು ಸಲ ಫೋನ್ ಮಾಡಿದ್ರು. ತಿರುಗಿ ತಂದು ಬಿಡ್ರಿ ಅಂದೆ. ಆಮ್ಯಾಲೆ ಅವರ ಫೋನ್ ಹತ್ತಲಿಲ್ಲ. ನಾಯಿ ಎಲ್ಲೈತೋ.' ನೋಟ್‌ಬುಕ್ ತೆಗೆದು ಆ ಸಾಲು ತೋರಿಸಿದರು. ಪಕ್ಕದಲ್ಲಿ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ.

ತಿಮ್ಮಾಪುರಕ್ಕೆ ನಾವು ಹೋಗಲಿಲ್ಲ. ಖಾಲಿ ಬುಟ್ಟಿಯಲ್ಲಿ ಮಾಮಿ ರೊಟ್ಟಿ, ಅಗಸಿ ಚಟ್ನಿ ತುಂಬಿ ಕಳಿಸಿದರು. ದಾರಿಯುದ್ದಕ್ಕೂ ಗಂಡ ಮಾತಾಡಲಿಲ್ಲ. ಚಿತ್ರದುರ್ಗ ದಾಟಿದ ಮೇಲೆ, 'ಕಾಕಾ ಹೇಳಿದ್ದು ಸರಿ, ಆದ್ರೂ ಸಿಟ್ಟು ಬರ್ತಿದೆ' ಅಂದ.

ಎರಡು ವಾರ ಬಿಟ್ಟು ಬೆಂಗಳೂರಿನ ಹೊರವಲಯದ ಒಂದು ಶೆಲ್ಟರ್‌ಗೆ ಹೋದೆವು. ಸುಂದರವಾದ ಜಾಗ ಅಂತ ಹೇಳಿದರೆ ಸುಳ್ಳಾಗುತ್ತೆ. ಫಿನಾಯಿಲ್ ವಾಸನೆ, ತಗಡಿನ ಛಾವಣಿ, ಒಂದು ಬೊಗಳಿದರೆ ಎಲ್ಲವೂ. ಜಾಗಕ್ಕಿಂತ ನಾಯಿ ಹೆಚ್ಚು, ನಾಯಿಗಿಂತ ಕೆಲಸದವರು ತೀರಾ ಕಡಿಮೆ. ನನಗೆ ಆಶ್ಚರ್ಯವಾಗಿದ್ದು ಬಲಗಡೆಯ ಸಾಲು. ಲ್ಯಾಬ್ರಡಾರ್, ಹಸ್ಕಿ, ರಾಟ್‌ವೀಲರ್, ಕಣ್ಣು ಮಸುಕಾದ ಒಂದು ಶಿಟ್ಜು. ಎಲ್ಲವೂ ಒಂದು ಕಾಲದಲ್ಲಿ ದುಡ್ಡು ಕೊಟ್ಟು ತಂದವೇ. ಮನೆ ಬದಲಾಯಿತು, ಮಗುವಾಯಿತು, ಫಾರಿನ್‌ಗೆ ಹೊರಟರು. ಸಾಲಿನ ಕೊನೆಯಲ್ಲಿ ಬೂದು ಬಣ್ಣದ ಉದ್ದ ಮೂತಿ. ಮುಧೋಳ ನಾಯಿ. ನಮ್ಮನ್ನು ನೋಡಿ ಮುಖ ಆಚೆ ತಿರುಗಿಸಿತು.

ಗಂಡ ಫೋಟೋ ತೆಗೆದು ಮಾಮಾಗೆ ಕಳಿಸಿದ. ಸಂಜೆ ಮಾಮಾ ಅದನ್ನು ಕಾಕಾಗೆ ತೋರಿಸಿ ಫೋನ್ ಮಾಡಿದರು. ಕಾಕಾ ಕನ್ನಡಕ ಹಾಕಿಕೊಂಡು, ದೊಡ್ಡದು ಮಾಡಿ ಮಾಡಿ ನೋಡಿದರಂತೆ. 'ನಂದಲ್ಲ' ಅಂದರಂತೆ. ಸ್ವಲ್ಪ ಹೊತ್ತಾದ ಮೇಲೆ, 'ಯಾರದೋ, ಪಾಪ' ಅಂದರಂತೆ. ಆ ನಾಯಿಯನ್ನು ಆಮೇಲೆ ತೋಟ ಇರುವ ಒಂದು ಕುಟುಂಬ ಕರೆದುಕೊಂಡು ಹೋಯಿತು ಅಂತ ಶೆಲ್ಟರಿನವರು ಹೇಳಿದರು.

ನಮ್ಮ ಮನೆಗೆ ಬಂದದ್ದು ಎಡಗಡೆಯ ಸಾಲಿನಿಂದ. ಸುಮಾರು ಎರಡು ವರ್ಷದ ಹೆಣ್ಣು, ಶೇಂಗಾ ಸಿಪ್ಪೆ ಬಣ್ಣ, ಕಿವಿಯ ತುದಿಯಲ್ಲಿ ಸಣ್ಣ ಕತ್ತರಿ ಗುರುತು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಗೆ ಆ ಗುರುತು ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಆದ ಮೇಲೆ ಸಾಮಾನ್ಯವಾಗಿ ಹಿಡಿದ ಜಾಗದಲ್ಲೇ ಬಿಡಬೇಕು ಅನ್ನೋದು ನಿಯಮ. ಇವಳನ್ನೂ ಬಿಟ್ಟಿದ್ದರಂತೆ. ಆಮೇಲೆ ಹೈವೇಯಲ್ಲಿ ಕಾರು ಹೊಡೆದು ಸೊಂಟದ ಮೂಳೆ ಮುರಿದಿತ್ತು. ಗುಣವಾದರೂ ಕುಂಟುವ ನಾಯಿಯನ್ನು ಮತ್ತೆ ಅದೇ ರಸ್ತೆಗೆ ಬಿಡೋಕೆ ಮನಸ್ಸು ಬರದೆ ಇಟ್ಟುಕೊಂಡಿದ್ದರು.

ಫಾರಂ ತುಂಬಿಸುತ್ತಾ ಅಲ್ಲಿನ ಹುಡುಗಿ ಕೇಳಿದಳು. ಬಾಡಿಗೆ ಮನೆಯಾ? ಎಷ್ಟನೇ ಫ್ಲೋರು? ಹಗಲು ಯಾರಿರ್ತಾರೆ? ಊರಿಗೆ ಹೋದರೆ? ನನಗೆ ನಗು ಬಂತು, ಗಂಡನಿಗೂ. ಇವಳೂ ಬೇಡ ಅನ್ನಬಹುದು ಅಂತ ಅವನ ಮುಖದಲ್ಲಿ ಭಯ ಇತ್ತು. ಮನೆ ಓನರ್ ಆಂಟಿಯ ಒಪ್ಪಿಗೆ ಪತ್ರ ಕೇಳಿದಳು, ಮನೆ ನೋಡೋಕೆ ಬಂದಳು, ಎರಡು ವಾರ ಇಟ್ಟುಕೊಂಡು ನೋಡಿ, ಆಮೇಲೆ ಹೇಳಿ ಅಂದಳು. ಪಾರ್ಕಿಂಗಿನಲ್ಲಿ ಮರಿ ಕೊಟ್ಟವನು ನಮ್ಮನ್ನು ಒಂದೇ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಮುಧೋಳದ ಹೊಲದಲ್ಲಿ ಮರಿ ಮಾರುವ ಕಾಕಾನೂ ಈ ಹುಡುಗಿಯೂ ನನ್ನ ಲೆಕ್ಕದಲ್ಲಿ ಒಂದೇ ಕಡೆಯವರು. ನಾಳೆ ಜಮಖಂಡಿಯಲ್ಲಿ ಹೋಗಿ ನೆಲೆಸಿದರೆ ಕಾಕಾನ ಹತ್ತಿರ ಮರಿ ಕೇಳೋಕೆ ನನಗೆ ಒಂಚೂರೂ ಸಂಕೋಚವಿಲ್ಲ.

ಬೀದಿನಾಯಿ ತಂದರೆ ಅದು ಜನ್ಮಪೂರ್ತಿ ಉಪಕಾರ ನೆನೆಯುತ್ತೆ ಅಂತ ರೀಲ್ಸ್‌ನಲ್ಲಿ ತೋರಿಸ್ತಾರಲ್ಲ, ನಮ್ಮ ಶೇಂಗಾ ಹಾಗೇನೂ ಮಾಡಲಿಲ್ಲ. ಹೌದು, ಹೆಸರು ಶೇಂಗಾ. ಮೊದಲ ಒಂಬತ್ತು ದಿನ ಮಂಚದ ಕೆಳಗಿಂದ ಹೊರಗೆ ಬಂದದ್ದು ರಾತ್ರಿ ಮಾತ್ರ. ಲಿಫ್ಟ್ ಕಂಡರೆ ಉಚ್ಚೆ ಮಾಡುತ್ತಿದ್ದಳು. ದಿನಕ್ಕೆ ಮೂರು ಸಲ ನಾಲ್ಕು ಮಹಡಿ ಅವಳನ್ನು ಎತ್ತಿಕೊಂಡೇ ಹತ್ತಿ ಇಳಿದು ಗಂಡ ಮೂರು ಕೆಜಿ ಇಳಿದ. ಅವನ ಆಫೀಸ್ ಶೂ ಒಂದು ಜೊತೆ ಹೋಯಿತು. ತಿಂಗಳೊಳಗೆ ಉಣ್ಣೆಜ್ವರ ಬಂತು. ಊಟ ಬಿಟ್ಟ ಆ ರಾತ್ರಿ ಇಬ್ಬರಿಗೂ ಲಡ್ಡು ನೆನಪಾದ, ಇಬ್ಬರೂ ಹೆಸರೆತ್ತಲಿಲ್ಲ. ಗಂಡ ಬೆಳಗಿನ ತನಕ ನೆಲದ ಮೇಲೆ ಅವಳ ಪಕ್ಕ ಕೂತಿದ್ದ. ರಕ್ತಪರೀಕ್ಷೆ, ಔಷಧಿ, ಡಾಕ್ಟರ್ ಫೀಸು ಎಲ್ಲ ಸೇರಿ 7 ಸಾವಿರ ದಾಟಿತು. ನಾಲ್ಕನೇ ದಿನ ಎದ್ದು ಮೊಸರನ್ನ ತಿಂದಳು.

ಮೊನ್ನೆ ಮಾಮಾ ವಿಡಿಯೋ ಕಾಲ್ ಮಾಡಿದಾಗ ಪಕ್ಕದಲ್ಲಿ ಬಿಳಿ ಟೊಪ್ಪಿಗೆ ಕಾಣಿಸಿತು. ಫೋನನ್ನು ಶೇಂಗಾ ಕಡೆ ತಿರುಗಿಸಿದೆ. ಕಾಕಾ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

'ಎದಿ ಸಣ್ಣದು. ಕಾಲು ಗಿಡ್ಡ' ಅಂದರು. ಗಂಡನ ಮುಖ ಸಪ್ಪಗಾಯಿತು. 'ರೊಟ್ಟಿ ತಿಂತೈತೇನು?'

'ತಿಂತಾಳ ಕಾಕಾ. ಶೂ ಸೈತ ತಿಂತಾಳ.'

'ಹಂಗಾದ್ರ ಯುಗಾದಿಗೆ ಕರ್ಕೊಂಡು ಬರ್ರಿ. ಹೊಲ ಖಾಲಿ ಇರ್ತೈತಿ.'